ಮೋಡಗಳ ಹುಟ್ಟೂ ಹಿಮದ ಮುನ್ಸೂಚನೆಯೂ

ಚಳಿಗಾಲದಲ್ಲಿ ಹವಾಮಾನ ವರ್ತಮಾನವನ್ನು ಕೇಳುವವರಿಗೆ ಒಂದು ಮಾತು ಚಿರಪರಿಚಿತವಾದುದು. ಪಶ್ಚಿಮದಿಂದ ವಾಯುಮಂಡಲದ ಕ್ಷೋಭೆಯೊಂದು ಬರುತ್ತಲಿದೆ, ಕಾಶ್ಮೀರದ ಬೆಟ್ಟಸೀಮೆಯಲ್ಲಿ ಈ ವಾರ ಬಿರುಗಾಳಿಯೊಡನೆ ಹಿಮ ಬೀಳುವ ಸಂಭವವಿದೆ, ಎಂಬುದೇ ಆ ಮಾತು. ನಮಗೆ ಇದು ದೂರದ ಸುದ್ದಿ. ಆದರೆ ಬನಿಹಾಲ್ ಘಾಟಿಯ ಕಡೆಗೆ ಲಾರಿ ನಡೆಸುವವನಿಗೆ, ಸೇಬಿನ ತೋಟದ ಒಡೆಯನಿಗೆ, ಹಿಮ ಹೊತ್ತ ಇಳಿಜಾರಿನ ಕೆಳಗೆ ಮನೆ ಮಾಡಿಕೊಂಡಿರುವವನಿಗೆ ಇದು ಅನ್ನದ ಪ್ರಶ್ನೆ. ಒಮ್ಮೊಮ್ಮೆ ಪ್ರಾಣದ ಪ್ರಶ್ನೆ. ಇಷ್ಟು ಭಾರವಾದ ಮಾತನ್ನು ಹವಾಮಾನ ಶಾಸ್ತ್ರಜ್ಞರು ಯಾವ ಆಧಾರದ ಮೇಲೆ ಹೇಳುತ್ತಾರೆ? ಇದನ್ನು ತಿಳಿಯಬೇಕಾದರೆ ಮೊದಲು ಮೋಡವೆಂದರೇನು ಎಂಬುದನ್ನು ವಿಚಾರಿಸಬೇಕು.

ಮೋಡವೆಂದರೆ ನೀರಿನ ಆವಿ ಎಂದು ಅನೇಕರ ನಂಬಿಕೆ. ಇದು ಸರಿಯಲ್ಲ. ಆವಿಯು ಕಣ್ಣಿಗೆ ಕಾಣತಕ್ಕ ವಸ್ತುವಲ್ಲ. ನೀರು ಕುದಿಯುತ್ತಿರುವ ಕೆಟಲಿನ ಮೂತಿಯನ್ನು ಗಮನಿಸಿ ನೋಡಿ: ಮೂತಿಗೆ ತೀರ ಹತ್ತಿರ ಏನೂ ಕಾಣುವುದಿಲ್ಲ; ಒಂದೆರಡು ಅಂಗುಲ ಮುಂದೆ ಬೆಳ್ಳಗೆ ಹೊಗೆಯಂತೆ ಕಾಣುತ್ತದೆ. ಕಾಣದಿರುವುದೇ ನಿಜವಾದ ಆವಿ; ಬೆಳ್ಳಗಿರುವುದು ಆ ಆವಿ ತಣಿದು ಆದ ಸಣ್ಣ ಹನಿಗಳ ಗುಂಪು. ಆಕಾಶದ ಮೋಡವೂ ಇಂಥ ಗುಂಪೇ. ಅದರ ಒಂದು ಹನಿಯ ಗಾತ್ರ ಮಿಲಿಮೀಟರಿನ ನೂರನೆಯ ಒಂದು ಪಾಲಿನ ಆಸುಪಾಸಿನದು. ಅಂಥ ಹತ್ತು ಲಕ್ಷ ಹನಿಗಳು ಸೇರಿದರೆ ಒಂದು ಮಳೆಹನಿ.

ಹಾಗಾದರೆ ಆವಿಯನ್ನು ಆಕಾಶದಲ್ಲಿ ತಣಿಸುವವರು ಯಾರು? ಬೈಸಿಕಲ್ಲಿನ ಚಕ್ರಕ್ಕೆ ಗಾಳಿ ತುಂಬಿದವರೆಲ್ಲರೂ ಪಂಪು ಬಿಸಿಯಾಗುವುದನ್ನು ಬಲ್ಲರು. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಹಿಗ್ಗಲು ಬಿಟ್ಟರೆ ತಣ್ಣಗಾಗುತ್ತದೆ. ಮೇಲೆ ಮೇಲೆ ಹೋದಂತೆ ವಾಯುಭಾರ ಕಡಮೆ. ಆದುದರಿಂದ ಮೇಲೇರುವ ಗಾಳಿ ಹಿಗ್ಗುತ್ತದೆ, ಹಿಗ್ಗುವುದಕ್ಕಾಗಿ ತನ್ನ ಶಾಖವನ್ನೇ ವೆಚ್ಚ ಮಾಡುತ್ತದೆ. ಒಣಗಾಳಿಯು ಒಂದು ಸಾವಿರ ಮೀಟರು ಏರಿದರೆ ಸುಮಾರು 10 ಡಿಗ್ರಿ ಸೆಂಟಿಗ್ರೇಡ್ ತಣಿಯುತ್ತದೆ. ತಣ್ಣನೆಯ ಗಾಳಿ ಹೆಚ್ಚು ಆವಿಯನ್ನು ತಾಳಲಾರದು. ಮಿಕ್ಕ ಆವಿ ಹನಿಯಾಗಲೇಬೇಕು.

ಆದರೆ ಹನಿ ಕಟ್ಟುವುದಕ್ಕೆ ಒಂದು ಆಸರೆ ಬೇಕು. ಸ್ಕಾಟ್ಲೆಂಡಿನ ಜಾನ್ ಐಟ್ಕನ್ ಎಂಬುವರು 1880ರ ಸುಮಾರಿನಲ್ಲಿ ಇದನ್ನು ಪ್ರಯೋಗದಿಂದ ತೋರಿಸಿಕೊಟ್ಟರು. ಗಾಜಿನ ಪಾತ್ರೆಯಲ್ಲಿ ಸಾಧಾರಣ ಗಾಳಿಯಿದ್ದರೆ, ಆವಿ ಬಿಟ್ಟೊಡನೆ ಮಂಜು ಕವಿಯುತ್ತಿದ್ದಿತು. ಹತ್ತಿಯ ಮೂಲಕ ಸೋಸಿದ ಗಾಳಿಯಿದ್ದರೆ ಮಂಜೇ ಇಲ್ಲ. ಗಾಳಿಯಲ್ಲಿ ತೇಲುವ ಧೂಳು, ಹೊಗೆ, ಸಮುದ್ರದ ಉಪ್ಪು, ಇವುಗಳ ಕಣಗಳೇ ಹನಿಗೆ ಆಸರೆ. ಮೇಲೇರುವ ಗಾಳಿ, ಆವಿ, ಧೂಳು, ಈ ಮೂರೂ ಕೂಡಿದರೆ ಮೋಡ.

ಈಗ ಕಾಶ್ಮೀರದ ಕಡೆಗೆ ಬರೋಣ. ಪಶ್ಚಿಮದ ಕ್ಷೋಭೆಗಳು ಬಹುಮಟ್ಟಿಗೆ ಮೆಡಿಟರೇನಿಯನ್ ಸಮುದ್ರದ ಸೀಮೆಯಲ್ಲಿ ಹುಟ್ಟಿ, ಎತ್ತರದ ಪಶ್ಚಿಮ ಮಾರುತಗಳೊಡನೆ ಇರಾನ್, ಆಫ್ಘಾನಿಸ್ತಾನಗಳನ್ನು ದಾಟಿ ಬರುತ್ತವೆ. ಇವು ವಾಯುಭಾರ ತಗ್ಗಿದ ಪ್ರದೇಶಗಳು. ಸುತ್ತಲಿನ ಗಾಳಿ ಇವುಗಳ ಕಡೆಗೆ ನುಗ್ಗುತ್ತದೆ. ಭಾರದ ವ್ಯತ್ಯಾಸ ಹೆಚ್ಚಿದಷ್ಟೂ ಗಾಳಿಯ ರಭಸ ಹೆಚ್ಚು. ಹೀಗೆ ನುಗ್ಗಿದ ಗಾಳಿಗೆ ಪೀರ್ ಪಂಜಾಲ್ ಪರ್ವತಶ್ರೇಣಿ ಅಡ್ಡಗೋಡೆಯಾಗಿ ನಿಂತಿದೆ. ಗಾಳಿ ಏರಲೇಬೇಕು, ತಣಿಯಲೇಬೇಕು. ಮೊದಲು ಗರಿಯಂಥ ಎತ್ತರದ ಮೋಡ; ಆಮೇಲೆ ಸೂರ್ಯಚಂದ್ರರ ಸುತ್ತ ಬಳೆ ತೋರಿಸುವ ತೆಳುಪರದೆ; ಕೊನೆಗೆ ಬೆಟ್ಟವನ್ನೇ ನುಂಗುವ ದಟ್ಟನೆಯ ಬೂದುಮೋಡ. ಈ ಕ್ರಮವನ್ನು ಕಂಡ ಗುಡ್ಡಗಾಡಿನವನು ಪುಸ್ತಕ ಓದದಿದ್ದರೂ ಮಂದೆಯನ್ನು ಹೊಡೆದುಕೊಂಡು ಮನೆಗೆ ಹೊರಡುತ್ತಾನೆ.

ಮೋಡದಿಂದ ಹಿಮವಾಗುವ ಬಗೆ ಇನ್ನೂ ಸೋಜಿಗದ್ದು. ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೂ ಮೋಡದ ಹನಿಗಳು ಕೂಡಲೇ ಹೆಪ್ಪುಗಟ್ಟುವುದಿಲ್ಲ. ಅನೇಕ ಡಿಗ್ರಿಗಳ ಕೆಳಗೂ ನೀರಾಗಿಯೇ ಇರುತ್ತವೆ. ನಡುವೆ ಎಲ್ಲೋ ಒಂದು ಹರಳು ಮೂಡಿತೆಂದರೆ, ಸುತ್ತಲಿನ ಹನಿಗಳು ಆರಿ, ಅವುಗಳ ಆವಿಯೆಲ್ಲ ಹರಳನ್ನು ಸೇರುತ್ತದೆ. ಹನಿಗಳು ಸೊರಗುತ್ತವೆ, ಹರಳು ಬೆಳೆಯುತ್ತದೆ. ವೇಗೆನರ್ ಎಂಬ ಜರ್ಮನ್ ವಿಜ್ಞಾನಿ 1911ರಲ್ಲಿ ಸೂಚಿಸಿದ ಈ ತತ್ತ್ವವನ್ನು, 1930ರ ಅನಂತರ ಸ್ವೀಡನ್ನಿನ ಬೆರ್ಗೆರಾನ್ ಎಂಬುವರು ಮಳೆಹಿಮಗಳಿಗೆ ಅನ್ವಯಿಸಿ ಬೆಳೆಸಿದರು. ನೀರಿನ ಅಣುಗಳ ಜೋಡಣೆಯ ರೀತಿಯಿಂದ ಹರಳಿಗೆ ಆರು ಮೂಲೆಗಳು.

ಇಷ್ಟು ತಿಳಿದಿದ್ದರೂ ಮುನ್ಸೂಚನೆ ಸುಲಭವಲ್ಲ. ನೆಲದ ಬಳಿ ಒಂದೆರಡು ಡಿಗ್ರಿ ಶಾಖ ಹೆಚ್ಚಿದರೆ ಹಿಮವಾಗತಕ್ಕದ್ದು ಮಳೆಯಾದೀತು. ಸೊನ್ನೆಯ ಹತ್ತಿರವಿದ್ದರೆ ತೊಯ್ದು ತೂಕವಾದ ಹಿಮ ಬಿದ್ದೀತು. 2018ರ ನವೆಂಬರಿನಲ್ಲಿಯೂ 2019ರ ನವೆಂಬರಿನಲ್ಲಿಯೂ ಕಾಶ್ಮೀರದಲ್ಲಿ ಅಕಾಲದ ಹಿಮ ಸುರಿಯಿತು. ಎಲೆ ಉದುರದಿದ್ದ ಸೇಬಿನ ಮರಗಳು ಆ ಭಾರವನ್ನು ತಾಳಲಾರದೆ ಸೀಳಿಹೋದುವು. ಬೆಳೆದು ಫಲಕ್ಕೆ ಬರಲು ವರ್ಷಗಳೇ ಹಿಡಿಯುವ ಮರ ಒಂದು ರಾತ್ರಿಯಲ್ಲಿ ಹೋಗುತ್ತದೆ. ಎರಡು ದಿನ ಮೊದಲೇ ತಿಳಿದರೆ ಹಣ್ಣನ್ನು ಬಿಡಿಸಬಹುದು. ಹಿಮ ಬೀಳುವಾಗ ಕೊಂಬೆಗಳನ್ನು ಅಲುಗಿಸಿ ಭಾರ ಇಳಿಸಬಹುದು. ಗಾಳಿಯ ಸುದ್ದಿಯೂ ಹೀಗೆಯೇ. ಗಾಳಿಯು ಹಿಮವನ್ನು ಶಿಖರದ ಒಂದು ಮಗ್ಗುಲಿನಿಂದ ಎತ್ತಿ ಮರೆಯ ಮಗ್ಗುಲಿನಲ್ಲಿ ಒಟ್ಟುತ್ತದೆ. ಒಟ್ಟಿದ ರಾಶಿ ಜಾರಿದರೆ ಹಿಮಪಾತ, ಕೆಳಗಿನ ಹಳ್ಳಿಗೆ ಅನಾಹುತ.

ಇಂದು ಬೆಲೂನುಗಳು ಮೇಲಿನ ಗಾಳಿಯ ಶಾಖವನ್ನೂ ತೇವವನ್ನೂ ಅಳೆದು ತಿಳಿಸುತ್ತವೆ. ಉಪಗ್ರಹಗಳು ಮೋಡದ ಚಿತ್ರಗಳನ್ನು ಕಳುಹಿಸುತ್ತವೆ. ಗಣಕಯಂತ್ರಗಳು ಲೆಕ್ಕ ಹಾಕುತ್ತವೆ. ಆದರೂ ಅಳತೆಯಲ್ಲಿನ ಅಣುಮಾತ್ರದ ಕೊರತೆ ದಿನೇ ದಿನೇ ಬೆಳೆಯುತ್ತದೆ ಎಂಬುದನ್ನು ಎಡ್ವರ್ಡ್ ಲೊರೆನ್ಸ್ 1963ರಲ್ಲಿ ತೋರಿಸಿದರು. ಆದುದರಿಂದ ನಾಳೆಯ ಮಾತಿಗಿರುವ ಬಲ ವಾರದ ಕೊನೆಯ ಮಾತಿಗಿಲ್ಲ. ‘ಸಂಭವವಿದೆ’ ಎಂಬ ಶಬ್ದವನ್ನು ಕೇಳಿ ಕೆಲವರು ನಗುತ್ತಾರೆ. ಅದು ಜಾರಿಕೊಳ್ಳುವ ಮಾತೆಂದು ಅವರ ಭಾವನೆ. ವಾಸ್ತವವಾಗಿ, ತನಗೆ ಎಷ್ಟು ತಿಳಿದಿದೆಯೋ ಅಷ್ಟನ್ನೇ ಹೇಳುವ ಪ್ರಾಮಾಣಿಕತೆ ಅದು. ಜ್ಯೋತಿಷ್ಯವು ನಿಶ್ಚಯವನ್ನು ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ವಿಜ್ಞಾನವು ಕಾರಣವನ್ನು ಹೇಳಿ, ನಿಶ್ಚಯಕ್ಕೆ ಮಿತಿ ಹಾಕುತ್ತದೆ.

ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಡುಚಳಿಯನ್ನು ಕಾಶ್ಮೀರಿಗಳು ‘ಚಿಲ್ಲೈ ಕಲಾನ್’ ಎಂದು ಕರೆಯುತ್ತಾರೆ. ಆಗ ಬಿದ್ದ ಹಿಮ ಗಟ್ಟಿಯಾಗಿ ಬೆಟ್ಟದಲ್ಲಿ ನಿಂತು, ಬೇಸಗೆಯಲ್ಲಿ ಕರಗಿ ಝೇಲಮ್, ಚಿನಾಬ್ ನದಿಗಳ ನೀರಾಗುತ್ತದೆ. ಅಕಾಲದಲ್ಲಿ ಮರವನ್ನು ಮುರಿದ ಹಿಮವೇ ಕಾಲದಲ್ಲಿ ಬಿದ್ದರೆ ಗದ್ದೆಗೆ ನೀರು. ಹಿಮವನ್ನು ತಡೆಯುವ ಶಕ್ತಿ ಮನುಷ್ಯನಿಗಿಲ್ಲ. ಅದು ಬರುವ ಹೊತ್ತನ್ನು ಮುಂಚಿತವಾಗಿ ಅರಿಯುವ ಶಕ್ತಿ ಕೊಂಚಮಟ್ಟಿಗೆ ಇದೆ. ಅಷ್ಟರಿಂದಲೇ ಒಂದು ತೋಟ ಉಳಿಯುತ್ತದೆ, ಒಂದು ಲಾರಿ ಘಾಟಿಯ ಈಚೆಯೇ ನಿಲ್ಲುತ್ತದೆ.