ಎಲ್‌ಇಡಿ ಪಟ್ಟಿ ದೀಪಗಳಿಗೆ ಸೂಕ್ತ ವೋಲ್ಟೇಜ್ ಆಯ್ಕೆ: ಕುಕ್ಕುವಾಡ ಹಾಗೂ ಸುತ್ತಲಿನ ವಿದ್ಯುತ್ ಗ್ರಾಹಕರಿಗೆ ಮಾಹಿತಿ

ದಾವಣಗೆರೆ ತಾಲ್ಲೂಕಿನ ಕುಕ್ಕುವಾಡ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಮನೆಯ ಚಾವಣಿ, ಅಂಗಡಿಯ ನಾಮಫಲಕ, ದೇವಸ್ಥಾನದ ಗೋಪುರ, ಗಣೇಶೋತ್ಸವದ ಮಂಟಪ, ಕಬ್ಬು ಸಾಗಿಸುವ ಟ್ರ್ಯಾಕ್ಟರ್‌ಗಳ ಟ್ರೇಲರ್ ಹೀಗೆ ಎಲ್ಲೆಡೆ ಎಲ್‌ಇಡಿ ಪಟ್ಟಿ ದೀಪಗಳನ್ನು ಅಳವಡಿಸಲಾಗುತ್ತಿದೆ. ಜನಬಳಕೆಯಲ್ಲಿ ಇವುಗಳಿಗೆ ಸ್ಟ್ರಿಪ್ ಲೈಟ್ ಎನ್ನುತ್ತಾರೆ. ನೋಟಕ್ಕೆ ಇವೆಲ್ಲವೂ ಒಂದೇ ಬಗೆಯಾಗಿ ಕಂಡರೂ 5, 12, 24 ಮತ್ತು 230 ವೋಲ್ಟ್ ಎಂಬ ನಾಲ್ಕು ಬಗೆಗಳು ಮಾರುಕಟ್ಟೆಯಲ್ಲಿವೆ. ಒಂದರ ಬದಲು ಇನ್ನೊಂದನ್ನು ಜೋಡಿಸಿದಲ್ಲಿ ಪಟ್ಟಿ ಸುಟ್ಟುಹೋಗುವುದಷ್ಟೇ ಅಲ್ಲ, ಬೆಂಕಿ ಅಥವಾ ವಿದ್ಯುದಾಘಾತಕ್ಕೂ ಅವಕಾಶವಾಗುತ್ತದೆ. ಹೊಸ ಸಂಪರ್ಕ, ಹೆಚ್ಚುವರಿ ಹೊರೆ ಅಥವಾ ತಾತ್ಕಾಲಿಕ ಸಂಪರ್ಕಕ್ಕೆ ಅರ್ಜಿ ಸಲ್ಲಿಸುವವರು ಈ ಕೆಳಗಿನ ವಿಷಯಗಳನ್ನು ಮೊದಲೇ ತಿಳಿದಿರುವುದು ಒಳಿತು.

ವೋಲ್ಟೇಜ್ ಎಲ್ಲಿ ನಿರ್ಧಾರವಾಗುತ್ತದೆ

ಬಿಳಿ ಅಥವಾ ನೀಲಿ ಬೆಳಕಿನ ಒಂದು ಎಲ್‌ಇಡಿ ಬೆಳಗಲು ಸುಮಾರು 3 ವೋಲ್ಟ್ ಬೇಕು. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು. ಬಿಳಿ ಬೆಳಕಿನ 12 ವೋಲ್ಟ್ ಪಟ್ಟಿಯಲ್ಲಿ ಮೂರು ಎಲ್‌ಇಡಿಗಳನ್ನು ಒಂದರ ಹಿಂದೆ ಒಂದರಂತೆ ಸರಣಿಯಾಗಿ ಜೋಡಿಸಿ ಜೊತೆಗೊಂದು ರೆಸಿಸ್ಟರ್ ಇಟ್ಟಿರುತ್ತಾರೆ. ಎಲ್‌ಇಡಿಗಳು 9 ವೋಲ್ಟ್ ಬಳಸಿಕೊಂಡು ಉಳಿದ 3 ವೋಲ್ಟ್ ರೆಸಿಸ್ಟರ್‌ನ ಪಾಲಾಗುತ್ತದೆ. 24 ವೋಲ್ಟ್ ಪಟ್ಟಿಯಲ್ಲಿ ಸಾಮಾನ್ಯವಾಗಿ ಆರು ಅಥವಾ ಏಳು ಎಲ್‌ಇಡಿಗಳ ಸರಣಿ ಇರುತ್ತದೆ. ಕತ್ತರಿ ಗುರುತುಗಳ ಅಂತರ ಬೇರೆಯಾಗಲು ಇದೇ ಕಾರಣ. ಮೀಟರಿಗೆ 60 ಎಲ್‌ಇಡಿ ಇರುವ 12 ವೋಲ್ಟ್ ಪಟ್ಟಿಯನ್ನು 5 ಸೆಂಟಿಮೀಟರಿಗೊಮ್ಮೆ ಕತ್ತರಿಸಬಹುದು. ಅಷ್ಟೇ ಎಲ್‌ಇಡಿಗಳಿರುವ 24 ವೋಲ್ಟ್ ಪಟ್ಟಿಯನ್ನು ಸಾಧಾರಣವಾಗಿ 10 ಸೆಂಟಿಮೀಟರಿಗೊಮ್ಮೆ. ಗುರುತಿಲ್ಲದ ಕಡೆ ಕತ್ತರಿಸಿದರೆ ಆ ತುಂಡಿನ ಸರಣಿ ಮುರಿದು ಬೆಳಗದು.

ಇಲ್ಲಿ ರೆಸಿಸ್ಟರ್‌ನ ಪಾತ್ರವನ್ನು ಗಮನಿಸಬೇಕು. ಪಟ್ಟಿಯಲ್ಲಿ ಹರಿಯುವ ಕರೆಂಟ್ ಎಷ್ಟೆಂಬುದನ್ನು ನಿರ್ಧರಿಸುವುದು ರೆಸಿಸ್ಟರ್‌ಗೆ ಉಳಿಯುವ ವೋಲ್ಟೇಜ್. 12 ವೋಲ್ಟ್ ಪಟ್ಟಿಯನ್ನು ತಪ್ಪಿ 24 ವೋಲ್ಟ್ ಪೂರೈಕೆಗೆ ಜೋಡಿಸಿದಲ್ಲಿ ರೆಸಿಸ್ಟರ್‌ಗೆ 3 ವೋಲ್ಟ್ ಬದಲು ಸುಮಾರು 15 ವೋಲ್ಟ್ ಬೀಳುತ್ತದೆ. ವೋಲ್ಟೇಜ್ ಎರಡು ಪಟ್ಟಾದರೆ ಕರೆಂಟ್ ಐದು ಪಟ್ಟಿನ ಹತ್ತಿರಕ್ಕೆ ಹೋಗುತ್ತದೆ ಎಂದರ್ಥ. ಪಟ್ಟಿ ಕಣ್ಣು ಕೋರೈಸುವಂತೆ ಬೆಳಗಿ ಸ್ವಲ್ಪ ಹೊತ್ತಿನಲ್ಲಿಯೇ ಸುಡುತ್ತದೆ. 24 ವೋಲ್ಟ್ ಪಟ್ಟಿಗೆ 12 ವೋಲ್ಟ್ ಕೊಟ್ಟರೆ ಹಾನಿಯಿಲ್ಲ, ಆದರೆ ಅದು ಬೆಳಗುವುದೂ ಇಲ್ಲ. ಇಂತಹ ಪಟ್ಟಿಯನ್ನು ಕೆಟ್ಟದ್ದೆಂದು ಭಾವಿಸಿ ಅಂಗಡಿಗೆ ಮರಳಿಸುವ ಮುನ್ನ ಅದರ ಮೇಲೆ ಮುದ್ರಿತವಾದ ವೋಲ್ಟೇಜನ್ನು ಓದಿ ನೋಡತಕ್ಕದ್ದು.

ಮನೆಯ ಚಾವಣಿಗೆ 12 ವೋಲ್ಟ್ ಅಥವಾ 24 ವೋಲ್ಟ್

ಸಾಮಾನ್ಯವಾಗಿ ದೊರೆಯುವ 5 ಮೀಟರ್ ಸುರುಳಿಯೊಂದು ಮೀಟರಿಗೆ 14.4 ವ್ಯಾಟ್‌ನಂತೆ ಒಟ್ಟು 72 ವ್ಯಾಟ್ ಬಳಸುತ್ತದೆ ಎಂದಿಟ್ಟುಕೊಳ್ಳೋಣ. 12 ವೋಲ್ಟ್‌ನಲ್ಲಿ ಇದಕ್ಕೆ 6 ಆಂಪಿಯರ್ ಕರೆಂಟ್ ಬೇಕು. 24 ವೋಲ್ಟ್‌ನಲ್ಲಿ 3 ಆಂಪಿಯರ್ ಸಾಕು. ಅಡಾಪ್ಟರ್‌ನಿಂದ ಪಟ್ಟಿಯವರೆಗೆ 10 ಮೀಟರ್ ದೂರಕ್ಕೆ 1.5 ಚದರ ಮಿಲಿಮೀಟರ್ ತಾಮ್ರದ ತಂತಿ ಎಳೆದರೆ ಹೋಗುವ ಬರುವ ತಂತಿಗಳ ಒಟ್ಟು ಪ್ರತಿರೋಧ ಸುಮಾರು 0.24 ಓಮ್ ಆಗುತ್ತದೆ. 6 ಆಂಪಿಯರ್ ಹರಿದರೆ ದಾರಿಯಲ್ಲಿಯೇ 1.4 ವೋಲ್ಟ್ ಕಳೆಯಬೇಕಾಗುತ್ತದೆ. ಕರೆಂಟ್ ಇಳಿದಂತೆ ಈ ಕುಸಿತವೂ ತಗ್ಗಿ ಒಂದು ಕಡೆ ನಿಲ್ಲುವುದರಿಂದ ಪಟ್ಟಿಗೆ ಸಿಗುವುದು ಸುಮಾರು 11 ವೋಲ್ಟ್. ಒಂದು ವೋಲ್ಟ್ ತಾನೆ ಎಂದು ಅಲಕ್ಷಿಸುವಂತಿಲ್ಲ. ರೆಸಿಸ್ಟರ್‌ಗೆ ಉಳಿಯುವುದು 3ರ ಬದಲು 2 ವೋಲ್ಟ್ ಆದ್ದರಿಂದ ಕರೆಂಟ್ ಮೂರನೇ ಒಂದು ಭಾಗದಷ್ಟು ಇಳಿದು ಬೆಳಕು ಮಂಕಾಗುತ್ತದೆ. ಅದೇ ತಂತಿ, ಅದೇ ದೂರ, ಆರು ಎಲ್‌ಇಡಿ ಸರಣಿಯ 24 ವೋಲ್ಟ್ ಪಟ್ಟಿಯಾದಲ್ಲಿ ಕರೆಂಟ್ ಇಳಿಯುವುದು ಹತ್ತನೇ ಒಂದು ಭಾಗದಷ್ಟು ಮಾತ್ರ. ಕಣ್ಣಿಗೆ ಅದು ಕಾಣುವುದು ಕಷ್ಟ.

ಪಟ್ಟಿಯ ಒಳಗಿನ ತಾಮ್ರದ ಹಾಳೆಯು ತಂತಿಗಿಂತಲೂ ತೆಳುವಾದದ್ದು. ಆದ್ದರಿಂದ 12 ವೋಲ್ಟ್ ಪಟ್ಟಿಯನ್ನು ಒಂದು ತುದಿಯಿಂದ 5 ಮೀಟರಿಗಿಂತ ಉದ್ದಕ್ಕೆ ಹರಿಸಬಾರದು. ಸುರುಳಿಯ ತುದಿಗೆ ಸುರುಳಿ ಸೇರಿಸಿ ಬೆಳೆಸುತ್ತ ಹೋದರೆ ದೂರದ ತುದಿ ಮಂಕಾಗುವುದು. ಬಣ್ಣ ಬದಲಿಸುವ ಪಟ್ಟಿಗಳಲ್ಲಿ ಹೆಚ್ಚು ವೋಲ್ಟೇಜ್ ಬೇಡುವ ನೀಲಿ ಮತ್ತು ಹಸಿರು ಮೊದಲು ಸೊರಗುವುದರಿಂದ ಬಿಳಿ ಬೆಳಕು ಕೊನೆಯಲ್ಲಿ ಕೆಂಪಾಗಿ ಕಾಣುವುದೂ ಇದೇ ಕಾರಣಕ್ಕೆ. ಪ್ರತಿ ಸುರುಳಿಗೂ ಅಡಾಪ್ಟರ್‌ನಿಂದ ಪ್ರತ್ಯೇಕ ತಂತಿ ಎಳೆಯುವುದೇ ಇದಕ್ಕೆ ಪರಿಹಾರ.

20 ಅಡಿ ಉದ್ದ, 15 ಅಡಿ ಅಗಲದ ಪಡಸಾಲೆಯ ಚಾವಣಿ ಸುತ್ತ ಪಟ್ಟಿ ಅಳವಡಿಸಲು ಸುಮಾರು 21 ಮೀಟರ್ ಬೇಕಾಗುತ್ತದೆ. ಮೀಟರಿಗೆ 9.6 ವ್ಯಾಟ್‌ನ ಪಟ್ಟಿಯಾದರೂ ಒಟ್ಟು ಸುಮಾರು 200 ವ್ಯಾಟ್. 12 ವೋಲ್ಟ್‌ನಲ್ಲಿ ಇದು 17 ಆಂಪಿಯರ್. ಮನೆಯ ದೀಪದ ತಂತಿಗಳಲ್ಲಿ ಇಷ್ಟು ಕರೆಂಟನ್ನು ಯಾರೂ ಹರಿಸುವುದಿಲ್ಲ. ಇಂತಹ ಕೆಲಸಕ್ಕೆ 24 ವೋಲ್ಟ್ ಪಟ್ಟಿಯೇ ಯೋಗ್ಯ. ದೇವರ ಕೋಣೆ, ಅಡುಗೆಮನೆಯ ಕಪಾಟಿನ ಕೆಳಭಾಗ ಇಂತಹ ಎರಡು ಮೂರು ಮೀಟರಿನ ಕೆಲಸಗಳಿಗೆ 12 ವೋಲ್ಟ್ ಸಾಕು, ಅದು ಎಲ್ಲೆಡೆ ಸುಲಭವಾಗಿ ಸಿಗುತ್ತದೆ. 12 ವೋಲ್ಟ್ ಬ್ಯಾಟರಿಯ ಸೌರದೀಪ ವ್ಯವಸ್ಥೆ ಇರುವ ಮನೆಗಳಲ್ಲಿಯೂ ಇದೇ ಅನುಕೂಲ, ಇನ್ವರ್ಟರ್‌ನ ಅಗತ್ಯ ಬೀಳದು. 5 ವೋಲ್ಟ್ ಪಟ್ಟಿಗಳು ಟಿ.ವಿ.ಯ ಹಿಂಬದಿಗೆ ಅಂಟಿಸುವಷ್ಟು ಚಿಕ್ಕ ಕೆಲಸಕ್ಕೆ ಮಾತ್ರ.

ಮೊಬೈಲ್ ಅಡಾಪ್ಟರ್‌ನ ಸೌಮ್ಯತೆ ನೋಡಿ ಕಡಿಮೆ ವೋಲ್ಟೇಜಿನಲ್ಲಿ ಅಪಾಯವೇ ಇಲ್ಲವೆಂದು ತಿಳಿಯುವುದು ತಪ್ಪು. 12 ವೋಲ್ಟ್ ಶಾಕ್ ಹೊಡೆಯದು, ನಿಜ. ಆದರೆ 17 ಆಂಪಿಯರ್ ಹರಿಯುವ ಸಡಿಲ ಜೋಡಣೆಯೊಂದು ಥರ್ಮೋಕೋಲ್ ಮಂಟಪಕ್ಕೆ ಬೆಂಕಿ ಹಚ್ಚಲು ಸಾಕು. ಅಡಾಪ್ಟರ್‌ನ ಹೊರಗಡೆಯ ತಂತಿಗೂ ಫ್ಯೂಸ್ ಇರಬೇಕು. ಸುರುಳಿಯನ್ನು ಬಿಚ್ಚದೆ ಹಾಗೆಯೇ ಉರಿಸಿ ಪರೀಕ್ಷಿಸುವ ರೂಢಿಯನ್ನೂ ಬಿಡತಕ್ಕದ್ದು.

ಅಡಾಪ್ಟರ್‌ನ ಆಯ್ಕೆ

ಪಟ್ಟಿಯ ಒಟ್ಟು ವ್ಯಾಟ್‌ಗಿಂತ ಕನಿಷ್ಠ ಶೇ. 20ರಿಂದ 25ರಷ್ಟು ಹೆಚ್ಚು ಸಾಮರ್ಥ್ಯದ್ದನ್ನು ಕೊಳ್ಳಬೇಕು. 72 ವ್ಯಾಟ್‌ನ ಪಟ್ಟಿಗೆ 100 ವ್ಯಾಟ್‌ನದು ಸರಿ. ಅದು ಸ್ಥಿರ ವೋಲ್ಟೇಜ್ ನೀಡುವಂಥದ್ದಾಗಿರಬೇಕು. ಚಾವಣಿಯ ಪ್ಯಾನೆಲ್ ದೀಪದಿಂದ ಬಿಚ್ಚಿದ ಡ್ರೈವರ್ ಸಾಮಾನ್ಯವಾಗಿ ಸ್ಥಿರ ಕರೆಂಟ್ ಬಗೆಯದಾಗಿದ್ದು ಇದಕ್ಕೆ ಒಗ್ಗದು. ಭಾರತೀಯ ಮಾನಕ ಬ್ಯೂರೋದ ಗುರುತು ಮತ್ತು 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಮುದ್ರಿತವಾಗಿದೆಯೇ ಎಂದು ನೋಡಿಕೊಳ್ಳುವುದು. ರಂಧ್ರಗಳುಳ್ಳ ಲೋಹದ ಪೆಟ್ಟಿಗೆಯ ಎಸ್‌ಎಂಪಿಎಸ್‌ಗಳಲ್ಲಿ 230 ವೋಲ್ಟ್‌ನ ತಿರುಪುಗಳು ಕೈಗೆಟುಕುವಂತೆ ಇರುತ್ತವೆ. ಅವುಗಳನ್ನು ಗಾಳಿಯಾಡುವ ಮುಚ್ಚಿದ ಪೆಟ್ಟಿಗೆಯಲ್ಲಿರಿಸಿ ಅರ್ಥಿಂಗ್ ಕಡ್ಡಾಯವಾಗಿ ನೀಡಬೇಕು.

ಗ್ರಾಮದ ಕೊನೆಯ ಮನೆಗಳಲ್ಲಿ ಸಂಜೆಯ ಹೊತ್ತು ವೋಲ್ಟೇಜ್ ಇಳಿಯುವುದುಂಟು. ಉತ್ತಮ ಅಡಾಪ್ಟರ್ ತನ್ನ ಮೇಲೆ ನಮೂದಿಸಿದ ಮಿತಿಯೊಳಗೆ ಒಳಬರುವ ವೋಲ್ಟೇಜ್ ಏರಿಳಿದರೂ 12 ಅಥವಾ 24 ವೋಲ್ಟನ್ನು ಕದಲದಂತೆ ನೀಡುತ್ತದೆ.

230 ವೋಲ್ಟ್ ಪಟ್ಟಿ: ಮಂಟಪ ಮತ್ತು ಮಳೆ

ಅಡಾಪ್ಟರ್ ಬೇಡ, ಉದ್ದಕ್ಕೆ ಮಿತಿ ಕಡಿಮೆ, ಬೆಲೆ ಅಗ್ಗ ಎಂಬ ಕಾರಣಕ್ಕೆ ಉತ್ಸವಗಳಲ್ಲಿ 230 ವೋಲ್ಟ್ ಪಟ್ಟಿಗಳೇ ಹೆಚ್ಚು. ಇವುಗಳ ಪ್ಲಗ್‌ನಲ್ಲಿ ಎಸಿಯನ್ನು ಡಿಸಿಗೆ ಪರಿವರ್ತಿಸುವ ಚಿಕ್ಕ ರೆಕ್ಟಿಫೈಯರ್ ಇರುತ್ತದೆಯೇ ಹೊರತು ವೋಲ್ಟೇಜನ್ನು ತಗ್ಗಿಸುವ ಸಾಧನವಿರುವುದಿಲ್ಲ. ಅಂದರೆ ಪಟ್ಟಿಯ ಮೊದಲಿನಿಂದ ಕೊನೆಯವರೆಗೂ ಜೀವ ತೆಗೆಯಬಲ್ಲ ವೋಲ್ಟೇಜ್ ಇದೆ. ರಕ್ಷಣೆಗಿರುವುದು ಮೇಲಿನ ಪ್ಲಾಸ್ಟಿಕ್ ಹೊದಿಕೆಯೊಂದೇ. ಕತ್ತರಿಸಿದ ತುದಿಗೆ ಮುಚ್ಚಳ ಹಾಕದೆ ಬಿಡುವುದು, ಮೊಳೆ ಹೊಡೆದು ಕಟ್ಟುವುದು, ಕಬ್ಬಿಣದ ಕಂಬಕ್ಕೆ ಸುತ್ತುವುದು ಇವೆಲ್ಲವೂ ಅಪಾಯಕರ. ಗಣೇಶೋತ್ಸವ ಬರುವುದೇ ಮಳೆಗಾಲದಲ್ಲಿ ಎಂಬುದನ್ನು ಆಯೋಜಕರು ನೆನಪಿನಲ್ಲಿಡಬೇಕು. ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿ, ಮೂರ್ತಿಯ ಪೀಠದ ಸುತ್ತ, ನೀರು ಬೀಳುವ ಕಡೆ 12 ಅಥವಾ 24 ವೋಲ್ಟ್ ಪಟ್ಟಿಯನ್ನೇ ಬಳಸಿ, 230 ವೋಲ್ಟ್ ಪಟ್ಟಿಯನ್ನು ಎತ್ತರದ ಗೋಪುರಕ್ಕೆ ಸೀಮಿತಗೊಳಿಸುವುದು ಸೂಕ್ತ. ಹೊರಾಂಗಣದಲ್ಲಿ ಐಪಿ 65 ಅಥವಾ ಹೆಚ್ಚಿನ ಗುರುತುಳ್ಳ ಪಟ್ಟಿ ಇರಲಿ. ಐಪಿ 20 ಎಂದಿದ್ದರೆ ಅದು ಮನೆಯೊಳಗಿನ ಒಣ ಜಾಗಕ್ಕಷ್ಟೇ. ಮಂಟಪದ ಮುಖ್ಯ ಸ್ವಿಚ್ಚಿನ ಬಳಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಅಳವಡಿಸಿದಲ್ಲಿ ಸೋರಿಕೆಯಾದ ಕ್ಷಣವೇ ಪೂರೈಕೆ ಕಡಿತಗೊಳ್ಳುತ್ತದೆ. ಅದಕ್ಕೆ ತಗಲುವ ವೆಚ್ಚ ಮಂಟಪದ ಹೂವಿನ ಅಲಂಕಾರಕ್ಕಿಂತ ಹೆಚ್ಚೇನಲ್ಲ.

ಕಬ್ಬಿನ ಗಾಡಿಗಳು

ಕುಕ್ಕುವಾಡದ ಸಕ್ಕರೆ ಕಾರ್ಖಾನೆಗೆ ಕಬ್ಬು ನುರಿಸುವ ಹಂಗಾಮಿನಲ್ಲಿ ರಾತ್ರಿಯೂ ಗಾಡಿಗಳು ಸಾಗುತ್ತವೆ. ಟ್ರ್ಯಾಕ್ಟರ್‌ಗಳ ವಿದ್ಯುತ್ ವ್ಯವಸ್ಥೆ 12 ವೋಲ್ಟ್‌ನದು, ದೊಡ್ಡ ಲಾರಿಗಳದು ಸಾಮಾನ್ಯವಾಗಿ 24 ವೋಲ್ಟ್‌ನದು. ಟ್ರ್ಯಾಕ್ಟರ್‌ಗೆ ತಂದ ಪಟ್ಟಿಯ ಉಳಿದ ತುಂಡನ್ನು ಲಾರಿಗೆ ಹಾಕುವಂತಿಲ್ಲ. ಎಂಜಿನ್ ಚಾಲನೆಯಲ್ಲಿದ್ದಾಗ 12 ವೋಲ್ಟ್ ಬ್ಯಾಟರಿಯ ತುದಿಗಳಲ್ಲಿ 14 ವೋಲ್ಟ್ ಮೀರುವುದು ಸಹಜ. ಮನೆಗೆಂದು ತಯಾರಾದ ಪಟ್ಟಿಯಲ್ಲಿ ಆಗ ಕರೆಂಟ್ ಒಂದೂಮುಕ್ಕಾಲು ಪಟ್ಟಿನಷ್ಟಾಗಿ ಪಟ್ಟಿ ಬೇಗ ಕೆಡುತ್ತದೆ. ವಾಹನಕ್ಕೆಂದೇ ತಯಾರಿಸಿದ ಪಟ್ಟಿಯನ್ನು ಫ್ಯೂಸ್ ಸಹಿತ ಅಳವಡಿಸಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಅನ್ವಯ ಮುಂದಕ್ಕೆ ಕೆಂಪು ಬೆಳಕು ತೋರುವಂತಿಲ್ಲ. ಪಟ್ಟಿ ದೀಪವು ಟ್ರೇಲರ್‌ನ ಹಿಂದಿನ ದೀಪಕ್ಕಾಗಲಿ ಪ್ರತಿಫಲಕಕ್ಕಾಗಲಿ ಬದಲಿಯಲ್ಲ. ಪಟ್ಟಿ ಆರಿಹೋದ ರಾತ್ರಿ ಹಿಂದೆ ಬರುವ ಬೈಕ್ ಸವಾರನಿಗೆ ಟ್ರೇಲರ್ ಕಾಣುವುದು ಪ್ರತಿಫಲಕದಿಂದ ಮಾತ್ರ.

ಅರ್ಜಿ ಸಲ್ಲಿಸುವವರಿಗೆ

ದಾವಣಗೆರೆ ಜಿಲ್ಲೆಯು ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿಯ ವ್ಯಾಪ್ತಿಗೆ ಸೇರಿದೆ. ಮಂಟಪ, ಮದುವೆ ಚಪ್ಪರ, ಜಾತ್ರೆಗಳಿಗೆ ತಾತ್ಕಾಲಿಕ ಸಂಪರ್ಕ ಕೋರುವವರು ಒಟ್ಟು ಹೊರೆಯನ್ನು ಸರಿಯಾಗಿ ನಮೂದಿಸಬೇಕು. ಹೊರೆಯನ್ನು ಲೆಕ್ಕ ಹಾಕುವಾಗ ಪಟ್ಟಿಯ ವೋಲ್ಟೇಜ್ ಮುಖ್ಯವಲ್ಲ, ವ್ಯಾಟ್ ಮುಖ್ಯ. ಉದಾಹರಣೆಗೆ 72 ವ್ಯಾಟ್‌ನ 20 ಸುರುಳಿಗಳಿಗೆ 1,440 ವ್ಯಾಟ್. ಅಡಾಪ್ಟರ್‌ಗಳಲ್ಲಿ ಆಗುವ ನಷ್ಟವೂ ಸೇರಿ ಸುಮಾರು 1.7 ಕಿಲೋವ್ಯಾಟ್. ಧ್ವನಿವರ್ಧಕ, ಫ್ಯಾನ್, ಮೋಟಾರುಗಳನ್ನು ಇದಕ್ಕೆ ಸೇರಿಸಿಕೊಳ್ಳುವುದು. ವೈರಿಂಗ್ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು. ಕಂಬದ ತಂತಿಗೆ ನೇರವಾಗಿ ಕೊಕ್ಕೆ ಹಾಕಿ ವಿದ್ಯುತ್ ಪಡೆಯುವುದು ವಿದ್ಯುಚ್ಛಕ್ತಿ ಕಾಯ್ದೆ, 2003ರ ಕಲಂ 135ರ ಅಡಿಯಲ್ಲಿ ಕಳ್ಳತನವಾಗುತ್ತದೆ. ಅಲ್ಲಿ ಫ್ಯೂಸ್ ಆಗಲಿ ಆರ್‌ಸಿಸಿಬಿ ಆಗಲಿ ಇರುವುದಿಲ್ಲ ಎಂಬುದು ಅದಕ್ಕಿಂತಲೂ ದೊಡ್ಡ ಮಾತು.

ಮನೆಯಲ್ಲಿ 72 ವ್ಯಾಟ್‌ನ ಒಂದು ಸುರುಳಿಯನ್ನು ದಿನಕ್ಕೆ 5 ಗಂಟೆ ಉರಿಸಿದರೆ ಅಡಾಪ್ಟರ್ ನಷ್ಟ ಸೇರಿ ತಿಂಗಳಿಗೆ 12ರಿಂದ 13 ಯೂನಿಟ್ ಆಗುತ್ತದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ತಮ್ಮ ಅರ್ಹ ಯೂನಿಟ್‌ಗಳನ್ನು ಬಿಲ್ಲಿನಲ್ಲಿ ನೋಡಿಕೊಂಡು ಅಲಂಕಾರದ ದೀಪಗಳ ಅವಧಿಯನ್ನು ನಿರ್ಧರಿಸಿಕೊಳ್ಳಬಹುದು. ತಂತಿ ಹರಿದು ಬಿದ್ದಿರುವುದು, ಕಂಬದಲ್ಲಿ ಕಿಡಿ ಕಾಣಿಸುವುದು ಮುಂತಾದ ದೂರುಗಳಿಗೆ ಸಹಾಯವಾಣಿ 1912ಕ್ಕೆ ಕರೆ ಮಾಡಿ, ಬಿಲ್ಲಿನಲ್ಲಿರುವ ಆರ್.ಆರ್. ಸಂಖ್ಯೆ ಹಾಗೂ ಸ್ಥಳದ ಗುರುತನ್ನು ತಿಳಿಸಲು ಕೋರಲಾಗಿದೆ.