ತೊಟ್ಟಿಲು ಸರ್ಕಾರದ್ದು, ಲೆಕ್ಕ ಮನೆಯದ್ದು

ತೊಟ್ಟಿಲು ಎಂದರೆ ನಮಗೆ ನಾಮಕರಣ, ಕಿವಿಯಲ್ಲಿ ಕೂಗುವ ಹೆಸರು, ಸೋದರತ್ತೆಯ ಸಡಗರ. 1992ರಲ್ಲಿ ತಮಿಳುನಾಡು ಸರ್ಕಾರ ಸೇಲಂನಲ್ಲಿ ಇಟ್ಟ ತೊಟ್ಟಿಲಿಗೆ ಇದ್ಯಾವುದೂ ಇರಲಿಲ್ಲ. ಹೆಣ್ಣುಕೂಸು ಬೇಡವಾದರೆ ಕೊಲ್ಲಬೇಡಿ, ಇಲ್ಲಿ ಮಲಗಿಸಿ ಹೋಗಿ ಎಂಬುದಷ್ಟೇ ಅದರ ಕೋರಿಕೆ. 2001ರಲ್ಲಿ ಈ ತೊಟ್ಟಿಲು ಧರ್ಮಪುರಿಗೂ ಬಂತು.

ಧರ್ಮಪುರಿ ನಮಗೆ ದೂರದ ಊರಲ್ಲ. ಕಾವೇರಿ ಹೊಗೆನಕಲ್ಲಿನಲ್ಲಿ ದುಮ್ಮಿಕ್ಕಿ ಆ ಸೀಮೆಗೆ ಇಳಿಯುತ್ತಾಳೆ. ಒಂದು ಕಾಲಕ್ಕೆ ಅಲ್ಲಿ ನೊಳಂಬರು ಆಳಿದ್ದರು. 1965ರವರೆಗೆ ಅದು ಸೇಲಂ ಜಿಲ್ಲೆಯದೇ ಭಾಗವಾಗಿತ್ತು. ಮಳೆ ನಂಬಿದ ಹೊಲ, ರಾಗಿ, ವಲಸೆ ಕೂಲಿ ಗಡಿಯ ಎರಡೂ ಕಡೆ ಒಂದೇ.

ಅಲ್ಲಿನ ಹೆಣ್ಣು ಶಿಶುಹತ್ಯೆ ಬಯಲಾದದ್ದು ಪೊಲೀಸ್ ಠಾಣೆಯಲ್ಲಲ್ಲ. ಹಳ್ಳಿಯ ಆರೋಗ್ಯ ದಾದಿಯರು ಪ್ರಾಥಮಿಕ ಆರೋಗ್ಯ ಕೇಂದ್ರದ ವಹಿಯಲ್ಲಿ ಎಳೆಗೂಸುಗಳ ಸಾವನ್ನು ಬರೆಯುತ್ತಿದ್ದರು. ಕೆಲವು ಸಾವುಗಳ ಮುಂದೆ ‘ಸಾಮಾಜಿಕ ಕಾರಣ’ ಎಂದಿರುತ್ತಿತ್ತು. ಮನೆಯವರ ಮುಖ ನೋಡಿ, ನಾಳೆ ಮತ್ತದೇ ಹೊಸ್ತಿಲು ತುಳಿಯಬೇಕಾದವರು ಕಂಡುಕೊಂಡ ಮಾತು ಅದು. ಅಧ್ಯಯನಕಾರರಾದ ಶೀಲಾ ರಾಣಿ ಚುಂಕತ್ ಮತ್ತು ವಿ.ಬಿ. ಆತ್ರೇಯ ಆ ವಹಿಗಳನ್ನೇ ಜೋಡಿಸಿ 1997ರಲ್ಲಿ ಬರೆದ ಲೇಖನದಲ್ಲಿ ಮದುರೈಯಿಂದ ಸೇಲಂ, ಧರ್ಮಪುರಿ ದಾಟಿ ಉತ್ತರಕ್ಕೆ ಹೋಗುವ ಶಿಶುಹತ್ಯೆಯ ಒಂದು ವಲಯವೇ ಎದ್ದು ಕಂಡಿತು. ಮೊದಲ ಹೆಣ್ಣು ಬಹುಮಟ್ಟಿಗೆ ಉಳಿಯುತ್ತಿತ್ತು. ಅಪಾಯವೆಲ್ಲ ಅನಂತರದ ಹೆಣ್ಣುಗಳಿಗೆ. ಅಂದರೆ ಇದು ಆವೇಶವಲ್ಲ, ಕೂತು ಹಾಕಿದ ಲೆಕ್ಕ. ಎರಡೇ ಸಾಕು ಎಂಬ ಸರ್ಕಾರದ ಮಾತನ್ನು ಮನೆ ಕೇಳಿಸಿಕೊಂಡಿತ್ತು. ಎರಡರಲ್ಲಿ ಒಂದು ಗಂಡಾಗಲೇಬೇಕು ಎಂಬುದನ್ನು ತಾನೇ ಸೇರಿಸಿಕೊಂಡಿತ್ತು.

ತೊಟ್ಟಿಲಿನ ಜೊತೆಗೇ ಹೆಣ್ಣುಮಕ್ಕಳ ಹೆಸರಿನಲ್ಲಿ ಠೇವಣಿ ಇಡುವ ಯೋಜನೆಯೂ ಬಂತು. ಈಗ ಒಬ್ಬಳೇ ಮಗಳಿದ್ದರೆ 50,000 ರೂಪಾಯಿ, ಇಬ್ಬರಿದ್ದರೆ ತಲಾ 25,000. ಷರತ್ತುಗಳಲ್ಲಿ ಮುಖ್ಯವಾದದ್ದು, ತಂದೆ ಅಥವಾ ತಾಯಿ ಮಕ್ಕಳಾಗದಂತೆ ‘ಆಪರೇಷನ್’ ಮಾಡಿಸಿಕೊಂಡಿರಬೇಕು. ಕಾಗದದಲ್ಲಿ ‘ಅಥವಾ’ ಇದೆ, ಮನೆಯಲ್ಲಿ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಮಿಳುನಾಡಿನಲ್ಲಿ ಕಂಡದ್ದು: ಹೆಂಗಸರ ಆಪರೇಷನ್ನನ್ನು ನೆಚ್ಚಿದ ದಂಪತಿ ಶೇಕಡಾ 57.8, ಗಂಡಸರದ್ದನ್ನು ನೆಚ್ಚಿದವರು 0.1. ಕುಟುಂಬದ ಪಾಲ್ಗೊಳ್ಳುವಿಕೆ ಎಂದು ವರದಿಗಳು ಹೇಳುವುದು ಇದನ್ನೇ ಇರಬೇಕು. (ಕರ್ನಾಟಕದವರು ಹೆಮ್ಮೆಪಡುವಂಥದ್ದೇನೂ ಇಲ್ಲಿಲ್ಲ. ನಮ್ಮಲ್ಲೂ ಆಸ್ಪತ್ರೆಯ ಮಂಚದ ಮೇಲೆ ಮಲಗುವವಳು ಅವಳೇ.)

ಮನೆಯ ಲೆಕ್ಕವನ್ನು ಸ್ವಲ್ಪವಾದರೂ ಅಲುಗಿಸಿದ್ದು ಬೇರೆ ಕಡೆಯಿಂದ ಬಂತು. 1989ರಲ್ಲಿ ಅಂತರರಾಷ್ಟ್ರೀಯ ಕೃಷಿ ಅಭಿವೃದ್ಧಿ ನಿಧಿಯ ನೆರವಿನಿಂದ ಹೆಂಗಸರ ಸ್ವಸಹಾಯ ಸಂಘಗಳು ತಮಿಳುನಾಡಿನಲ್ಲಿ ಮೊದಲು ಕಣ್ಣುಬಿಟ್ಟದ್ದು ಧರ್ಮಪುರಿಯಲ್ಲೇ. ಸೊಸೆಯ ಕೈಗೆ ಅವಳದೇ ಹೆಸರಿನ ಪಾಸ್‌ಬುಕ್ ಬಂತು. 1997-99ರಲ್ಲಿ ಕಲಾತಂಡಗಳು ಅಲ್ಲಿ ಊರೂರು ತಿರುಗಿ ಶಿಶುಹತ್ಯೆಯ ಬಗ್ಗೆ ಬೀದಿನಾಟಕ ಆಡಿದವು. ದಾದಿ ಗುಟ್ಟಾಗಿ ಬರೆದದ್ದನ್ನು ಅತ್ತೆ, ಮಾವ, ಮೈದುನ ಎಲ್ಲರೂ ಕೂತು ನೋಡಬೇಕಾಯಿತು. ನೆರೆಯವರ ಮುಂದೆ ಬಾಯಿಗೆ ಬಂದ ಮೇಲೆ ‘ಸಾಮಾಜಿಕ ಕಾರಣ’ ಮೊದಲಿನಷ್ಟು ಸಲೀಸಾಗಿ ಉಳಿಯದು.

2001ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಸೇಲಂನಲ್ಲಿ 851, ಧರ್ಮಪುರಿಯಲ್ಲಿ 826 ಹೆಣ್ಣುಮಕ್ಕಳಿದ್ದರು. 2011ರ ಹೊತ್ತಿಗೆ ಎರಡೂ 900 ದಾಟಿದ್ದವು. ಇದರಲ್ಲಿ ತೊಟ್ಟಿಲಿನ ಪಾಲೆಷ್ಟು, ನಾಟಕದ್ದೆಷ್ಟು, ಪಾಸ್‌ಬುಕ್ಕಿನದೆಷ್ಟು ಎಂದು ಬಿಡಿಸಿ ತೂಗುವುದು ಕಷ್ಟ. ನನ್ನ ಮಟ್ಟಿಗೆ ತೊಟ್ಟಿಲಿನದು ಎಲ್ಲಕ್ಕಿಂತ ಸಣ್ಣದು: ಅದು ಮಗುವನ್ನು ಉಳಿಸಿತು, ಆದರೆ ಬೇಡ ಎಂದ ಮನೆಯನ್ನು ಏನೂ ಕೇಳಲಿಲ್ಲ.

ಈಗ ಬೇಡ ಎನ್ನುವುದಕ್ಕೆ ಹೆರಿಗೆಯವರೆಗೆ ಕಾಯಬೇಕಾಗಿಲ್ಲ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸಿದ ಕಾನೂನು 1994ರದ್ದು. 2023ರಲ್ಲಿ ಬೆಂಗಳೂರು ಪೊಲೀಸರು ಭೇದಿಸಿದ ಭ್ರೂಣಹತ್ಯೆ ಜಾಲದ ಸ್ಕ್ಯಾನಿಂಗ್ ಯಂತ್ರ ಇದ್ದದ್ದು ಮಂಡ್ಯದ ಆಲೆಮನೆಯೊಂದರಲ್ಲಿ. ಅಲ್ಲಿಗೆ ಯಾವ ಬಸುರಿಯೂ ಒಬ್ಬಳೇ ನಡೆದುಹೋಗಿರಲಾರಳು.