ಕೌದಿ ಬಲ್ಲವರಿಗೆ ನವ್ಯಕಲೆ ದೂರವಲ್ಲ

ಚಿತ್ರಪ್ರದರ್ಶನಕ್ಕೆ ಬಂದವರು ನವ್ಯಚಿತ್ರದ ಮುಂದೆ ನಿಂತು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಇದು ಏನು?’ ಗಿಡವಿಲ್ಲ, ಮನುಷ್ಯನಿಲ್ಲ. ಬರೀ ಬಣ್ಣದ ಚೌಕಗಳು, ಅಡ್ಡಾದಿಡ್ಡಿ ಗೆರೆಗಳು. ಉತ್ತರ ಸಿಗದಿದ್ದಾಗ ಕೆಲವರು ನಕ್ಕು ಮುಂದೆ ಸಾಗುತ್ತಾರೆ. ಉಳಿದವರು ಇದು ಬಲ್ಲವರಿಗಷ್ಟೇ ತಿಳಿಯುವಂಥದು ಎಂದು ಸುಮ್ಮನಾಗುತ್ತಾರೆ. ಆದರೆ ಈ ಅಳುಕಿಗೆ ಕಾರಣವಿಲ್ಲ.

ನವಲಗುಂದ ತಾಲ್ಲೂಕಿನ ಮೊರಬದಂಥ ಎರೆಮಣ್ಣಿನ ಊರುಗಳಲ್ಲಿ ಕೌದಿ ಹೊದ್ದು ಬೆಳೆದವರಿಗೇನೂ ಕೊರತೆಯಿಲ್ಲ. ಹಳೆಯ ಸೀರೆ, ಧೋತರ, ಕುಪ್ಪಸದ ಖಣಗಳ ತುಂಡುಗಳನ್ನು ಕೂಡಿಸಿ ಹೆಂಗಸರು ಹೊಲಿಯುವ ಕೌದಿ ಯಾವ ವಸ್ತುವಿನ ಚಿತ್ರವೂ ಅಲ್ಲ. ಅದನ್ನು ಕಂಡು ‘ಇದು ಏನು’ ಎಂದು ಯಾರೂ ಕೇಳುವುದಿಲ್ಲ. ಕೆಂಪಿನ ಮಗ್ಗುಲಿಗೆ ಹಸಿರು ಒಪ್ಪಿತೇ, ಅಂಚು ಕೂಡಿತೇ, ಹೊಲಿಗೆಯ ಸಾಲು ನೆಟ್ಟಗಿದೆಯೇ ಎಂದು ನೋಡುತ್ತಾರೆ. ನವಲಗುಂದದ ಜಮಖಾನೆಯನ್ನು ಆರಿಸುವವರ ಕಣ್ಣೂ ಇಂಥದೇ. ಬಣ್ಣ, ಆಕಾರ, ಲಯಗಳನ್ನು ಅವುಗಳಿಗಾಗಿಯೇ ಮೆಚ್ಚುವ ಈ ನೋಟವೇ ಅಮೂರ್ತ ಚಿತ್ರಕ್ಕೂ ಬೇಕಾದದ್ದು.

ಇದು ಬರೀ ಹೋಲಿಕೆಯ ಮಾತಲ್ಲ. ಉಕ್ರೇನಿನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಕಲಾವಿದೆ ಸೋನಿಯಾ ದೆಲೋನೆ 1911ರಲ್ಲಿ, ತಮ್ಮ ನಾಡಿನ ರೈತರ ಮನೆಗಳಲ್ಲಿ ಕಂಡಿದ್ದಂತೆ, ಬಟ್ಟೆಯ ತುಂಡುಗಳನ್ನು ಕೂಡಿಸಿ ಹಸುಗೂಸಿಗೊಂದು ಹೊದಿಕೆ ಹೊಲಿದರು. ಅವರ ಅಮೂರ್ತ ಕಲೆಗೆ ದಾರಿ ತೆರೆದದ್ದು ಆ ಹೊದಿಕೆಯೇ. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯವು ಅಮೆರಿಕದ ಮನೆಗಳಲ್ಲಿ ಹೊಲಿದಿದ್ದ ಕೌದಿಗಳನ್ನು ವರ್ಣಚಿತ್ರಗಳಂತೆ ಗೋಡೆಗೆ ತೂಗುಹಾಕಿತು.

ಇನ್ನು ಮನುಷ್ಯರನ್ನೇ ಬರೆದೂ ಅವರನ್ನು ವಿಕಾರಗೊಳಿಸುವ ಚಿತ್ರಗಳ ಮಾತು. 1839ರಲ್ಲಿ ಛಾಯಾಗ್ರಹಣ ಲೋಕಕ್ಕೆ ಪ್ರಕಟವಾದ ಮೇಲೆ ತದ್ರೂಪು ಹಿಡಿಯುವ ಕೆಲಸವನ್ನು ಬಹುಮಟ್ಟಿಗೆ ಯಂತ್ರವೇ ವಹಿಸಿಕೊಂಡಿತು. ಕಲಾವಿದರು ಕಣ್ಣಿಗೆ ಕಂಡದ್ದಕ್ಕಿಂತ ಮನಸ್ಸಿಗೆ ತಟ್ಟಿದ್ದನ್ನು ಹಿಡಿಯಲು ಹೊರಟರು. ಸ್ಪೇನಿನ ಗೆರ್ನಿಕಾ ಪಟ್ಟಣದ ಮೇಲೆ 1937ರಲ್ಲಿ ಬಾಂಬು ಬಿದ್ದಾಗ ಪಿಕಾಸೊ ಬರೆದ ಚಿತ್ರದಲ್ಲಿ ದೇಹಗಳು ಮುರಿದಿವೆ, ಬಣ್ಣಗಳು ಬೂದಿಯಾಗಿವೆ. ಸತ್ತ ಕೂಸನ್ನೆತ್ತಿಕೊಂಡ ತಾಯಿಯ ಬಾಯಿ ಆಕಾಶಕ್ಕೆ ತೆರೆದಿದೆ. ಆ ವಿಕಾರವೇ ಅಲ್ಲಿಯ ಸತ್ಯ. ದೊಡ್ಡಾಟದ ರಾಕ್ಷಸನ ಮುಖ ಮನುಷ್ಯರ ಮುಖದಂತಿಲ್ಲವೆಂದು ಯಾವ ಪ್ರೇಕ್ಷಕನೂ ದೂರುವುದಿಲ್ಲವಷ್ಟೆ.

ಬಿಟ್ಟುಬಿಡುವುದೂ ಒಂದು ಕಲೆ. ಉಡುಪಿ ಸಮೀಪದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು (1911–1996) ಕೆಲವೇ ಗೆರೆಗಳಲ್ಲಿ ನರ್ತಕಿಯನ್ನು ನಿಲ್ಲಿಸಿದರು. ಅಲ್ಲಿ ಮುಖದ ವಿವರಗಳಿಗಾಗಿ ಹುಡುಕಬೇಕಿಲ್ಲ. ಗೆರೆಯ ಓಟದಲ್ಲೇ ಹೆಜ್ಜೆಯ ಲಯವಿದೆ.

ಹಾಗೆಂದು ಗೋಡೆಗೆ ತೂಗಿದ್ದೆಲ್ಲ ಒಳ್ಳೆಯ ಚಿತ್ರವಲ್ಲ. ಕೌದಿಯಲ್ಲೂ ಹೊಂದದ ತುಂಡು, ಸಡಿಲ ಹೊಲಿಗೆ ಇರುತ್ತವೆ. ಚಿತ್ರದ ಮುಂದೆ ಐದು ನಿಮಿಷ ನಿಂತು, ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ, ಎಲ್ಲಿ ತಂಗುತ್ತದೆ, ಯಾವ ಬಣ್ಣ ಯಾವುದನ್ನು ತಳ್ಳುತ್ತದೆ ಎಂದು ಗಮನಿಸಿದ ಮೇಲೂ ಹಿಡಿಸದಿದ್ದರೆ, ಹಿಡಿಸಲಿಲ್ಲ ಎನ್ನುವ ಹಕ್ಕು ನೋಡುಗನಿಗಿದೆ. ನೋಡುವ ಮೊದಲೇ ಸೋಲೊಪ್ಪಬೇಕಿಲ್ಲ.

ಒಂದು ವ್ಯತ್ಯಾಸ ಮಾತ್ರ ಉಳಿಯುತ್ತದೆ. ಚಿತ್ರದ ಮೂಲೆಯಲ್ಲಿ ಕಲಾವಿದನ ಹೆಸರಿರುತ್ತದೆ. ಕೌದಿಯ ಮೇಲೆ ಹೊಲಿದವಳ ಹೆಸರಿರುವುದಿಲ್ಲ. ಅಂಗಡಿಯ ಹೊದಿಕೆ ಬಂದ ಮನೆಯಲ್ಲಿ ಕೌದಿ ಅಟ್ಟ ಸೇರುತ್ತದೆ. ನವ್ಯಕಲೆಯನ್ನು ನೋಡಲು ಕಲಿತವರು ಅದನ್ನು ಕೆಳಗಿಳಿಸಿ, ಬೆಳಕಿಗೆ ಹರಡಿ, ಇನ್ನೊಮ್ಮೆ ನೋಡುವುದು ಒಳ್ಳೆಯದು.